ಕಮ್ಯೂನಿಟಿ ಟ್ಯಾಂಕಿನಲ್ಲಿ ಮೀನುಗಳ ಕಚ್ಚಾಟ: ಕಾರಣ ಪತ್ತೆ ಹಚ್ಚಿ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಹಲವು ಜಾತಿಯ ಮೀನುಗಳನ್ನು ಒಟ್ಟಿಗೆ ಸಾಕುವ ಅಕ್ವೇರಿಯಂ ಅಂದರೆ ಕಮ್ಯೂನಿಟಿ ಟ್ಯಾಂಕ್. ಬೆಳಿಗ್ಗೆ ಅದರ ಲೈಟ್ ಹಾಕಿದರೆ ಏಂಜಲ್ ಮೀನಿನ ಬಾಲ ಅರ್ಧ ಮಾಯ. ಪಕ್ಕದಲ್ಲೇ ಟೈಗರ್ ಬಾರ್ಬ್‌ಗಳ ಓಡಾಟ. ಬಾರ್ಬ್‌ಗಳನ್ನು ಹಿಡಿದು ಅಂಗಡಿಗೆ ವಾಪಸ್ ಕೊಟ್ಟುಬಿಡೋಣ ಎಂದು ಯಾರಿಗಾದರೂ ಅನಿಸುತ್ತದೆ. ಸ್ವಲ್ಪ ತಡೆಯಿರಿ. ರೆಕ್ಕೆ ಹರಿಯಲು ಕಚ್ಚಾಟ ಕಾರಣವಿರಬಹುದು, ಕೆಟ್ಟ ನೀರಿನಿಂದ ಹತ್ತಿದ ರೆಕ್ಕೆ ಕೊಳೆ ರೋಗವಿರಬಹುದು, ಎರಡೂ ಕೂಡಿರಬಹುದು. ಕಾರಣ ತಿಳಿಯದೆ ಮೀನು ಬದಲಿಸಿದರೆ ಮುಂದೆ ತಂದ ಮೀನಿಗೂ ಅದೇ ಗತಿ.

ಹಾಗಾಗಿ ಮೊದಲು ಗಾಯ ನೋಡಬೇಕು, ನಂತರ ನೀರು, ಆಮೇಲೆ ಮೀನುಗಳ ವರ್ತನೆ. ಬೇರ್ಪಡಿಸುವುದು, ಟ್ಯಾಂಕ್ ಮರುಜೋಡಿಸುವುದು ಇವೆಲ್ಲ ಅದರ ನಂತರದ ಕೆಲಸ. ಒಂದು ಮೀನು ಕಣ್ಣೆದುರೇ ಇನ್ನೊಂದನ್ನು ಬಿಡದೆ ಅಟ್ಟಾಡಿಸಿ ಕಚ್ಚುತ್ತಿದ್ದರೆ ಮಾತ್ರ ಈ ಕ್ರಮ ಮುರಿದು, ಆ ಕ್ಷಣವೇ ಬೇರೆ ಮಾಡಿ.

ಗಾಯವನ್ನು ಓದುವುದು

ಮೊಬೈಲಿನಲ್ಲಿ ಹತ್ತಿರದಿಂದ ಫೋಟೊ ತೆಗೆದು, ಹಿಗ್ಗಿಸಿ ನೋಡಿ. ಕಚ್ಚಿಸಿಕೊಂಡ ರೆಕ್ಕೆಯಲ್ಲಿ ತುಂಡು ನೀಟಾಗಿ ಹಾರಿರುತ್ತದೆ. ಅಂಚಿನಲ್ಲಿ ಅರ್ಧಚಂದ್ರದಂಥ ಕಚ್ಚು ಕಾಣುತ್ತದೆ, ಬಣ್ಣ ಕೆಟ್ಟಿರುವುದಿಲ್ಲ. ರಾತ್ರಿ ಸರಿಯಿದ್ದ ಬಾಲ ಬೆಳಗಾಗುವುದರಲ್ಲಿ ಹೋಗಿರುತ್ತದೆ. ಕೊಳೆ ರೋಗದಲ್ಲಿ ಹಾಗಲ್ಲ. ಅಂಚು ನೂಲು ನೂಲಾಗಿ, ಬೆಳ್ಳಗೆ ಇಲ್ಲವೇ ಕೆಂಪಗೆ ಆಗಿ, ದಿನದಿಂದ ದಿನಕ್ಕೆ ಒಳಗೆ ಸರಿಯುತ್ತ ಹೋಗುತ್ತದೆ. ಎರಡು ಮೂರು ಜಾತಿಯ ಮೀನುಗಳಿಗೆ ಒಟ್ಟಿಗೇ ಹೀಗಾಗಿದ್ದರೆ ನೀರಿನ ಮೇಲೆ ಅನುಮಾನಪಡಿ.

ಏಂಜಲ್ ಮತ್ತು ಗೌರಾಮಿಗಳಲ್ಲಿ ಹೊಟ್ಟೆಯ ಕೆಳಗೆ ಇಳಿಬಿದ್ದ ಎಳೆಯಂಥ ಉದ್ದ ರೆಕ್ಕೆಗಳನ್ನೇ ಮೊದಲು ನೋಡಿ. ರೆಕ್ಕೆ ಕಚ್ಚುವ ಮೀನುಗಳು ಹೆಚ್ಚಾಗಿ ಅಲ್ಲಿಂದಲೇ ಶುರು ಮಾಡುತ್ತವೆ. ಬಾಲದ ಸರದಿ ಆಮೇಲೆ. ಅವು ಮೋಟಾಗಿದ್ದರೆ ಕಚ್ಚಾಟ ನಿನ್ನೆ ಮೊನ್ನೆಯದಲ್ಲ.

ಗೋಲ್ಡ್ ಫಿಶ್ ಅಥವಾ ಏಂಜಲ್‌ನ ಪಕ್ಕೆಯಲ್ಲಿ ದುಂಡನೆಯ ಬಿಳಿಚಿದ ಕಲೆ, ಅಲ್ಲಲ್ಲಿ ಹುರುಪೆ ಎದ್ದಿದೆ ಎಂದರೆ ರಾತ್ರಿ ಸಕ್ಕರ್ ಮೀನು (ಗಾಜಿಗೆ ಬಾಯಿ ಅಂಟಿಸಿ ಪಾಚಿ ಕೆರೆಯುವ ಮೀನು) ಅಂಟಿಕೊಂಡು ಮೈಮೇಲಿನ ಲೋಳೆ ಹೀರಿರುವ ಸಾಧ್ಯತೆ ಹೆಚ್ಚು. ಒಂದೇ ಕಣ್ಣು ಮಂಜಾಗಿದ್ದರೆ ಬಹುಮಟ್ಟಿಗೆ ಪೆಟ್ಟು; ಎರಡೂ ಕಣ್ಣು ಮಂಜಾಗಿದ್ದರೆ ನೀರು ಅಥವಾ ಸೋಂಕು.

ಸತ್ತ ಮೀನಿನ ವಿಷಯದಲ್ಲಿ ತುಂಬ ಜನ ಮೋಸ ಹೋಗುತ್ತಾರೆ. ಕಣ್ಣಿಲ್ಲ, ಹೊಟ್ಟೆ ತಿಂದುಹೋಗಿದೆ ಎಂದಾಕ್ಷಣ ಯಾವುದೋ ಮೀನು ಕೊಂದಿತು ಎನ್ನಲಾಗದು. ಸತ್ತ ಮೀನನ್ನು ಸಾಧು ಮೀನುಗಳೂ, ಬಸವನಹುಳುಗಳೂ ತಿನ್ನುತ್ತವೆ, ಮೆತ್ತಗಿನ ಭಾಗವೇ ಮೊದಲು ಹೋಗುತ್ತದೆ. ಅದು ಬದುಕಿದ್ದಾಗ ಹೇಗಿತ್ತು, ತಿನ್ನುತ್ತಿತ್ತೇ, ಅಡಗುತ್ತಿತ್ತೇ ಎಂಬುದನ್ನು ನೆನಪಿಸಿಕೊಳ್ಳಿ.

ನೀರು: ನಮ್ಮ ಕಡೆಯ ವಿಶೇಷ ತೊಂದರೆಗಳು

ಮೀನಿನ ಹಿಕ್ಕೆ, ಉಳಿದ ಆಹಾರ ಕೊಳೆತು ನೀರಿನಲ್ಲಿ ಸೇರುವ ಅಮೋನಿಯಾ 0, ಅದರಿಂದ ಆಗುವ ನೈಟ್ರೈಟ್ 0, ನೈಟ್ರೇಟ್ 40 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಒಳಗೆ, ತಾಪಮಾನ 24ರಿಂದ 28 ಡಿಗ್ರಿ. ಇಷ್ಟಿದ್ದರೆ ನೀರಿನ ಮೇಲಿನ ಅನುಮಾನ ಬಿಡಬಹುದು. ದ್ರವರೂಪದ ಟೆಸ್ಟ್ ಕಿಟ್ ದುಬಾರಿ ಅನಿಸಿದರೂ ಅದನ್ನೇ ಕೊಳ್ಳಿ. ಅಮೋನಿಯಾ ಮತ್ತು ನೈಟ್ರೈಟ್‌ನ ಎರಡು ಕಿಟ್ ಮೊದಲಿಗೆ ಸಾಕು.

ವಿಜಯಪುರ, ಬಾಗಲಕೋಟೆಯ ಬಹಳಷ್ಟು ಬೋರ್ ನೀರು ಗಡಸು, ಕೆಲವೆಡೆ ಸವಳು. ಗಡಸು ನೀರಿಗೆ ಮೋಲಿ, ಗಪ್ಪಿ ಚೆನ್ನಾಗಿ ಹೊಂದುತ್ತವೆ. ನಿಯಾನ್ ಟೆಟ್ರಾದಂಥವು ಸೊರಗುತ್ತವೆ, ಸೊರಗಿದ ಮೀನಿನ ಮೇಲೆ ಉಳಿದವು ಬೀಳುತ್ತವೆ. ಇನ್ನೊಂದು ಮುಖ್ಯ ಸಂಗತಿ: ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಏರಿದಷ್ಟೂ ಅಮೋನಿಯಾ ವಿಷವಾಗುತ್ತದೆ. 28 ಡಿಗ್ರಿ ಬಿಸಿಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷರೂಪದ ಪಾಲು ಶೇ 1ಕ್ಕೂ ಕಡಿಮೆ, ಪಿಎಚ್ 8.2 ಆದರೆ ಸುಮಾರು ಶೇ 10. ಕಿಟ್ ತೋರಿಸುವ ಅಂಕಿ ಒಂದೇ ಆದರೂ ಬೋರ್ ನೀರಿನ ಟ್ಯಾಂಕಿನಲ್ಲಿ ಮೀನಿನ ಕಿವಿರು ಸುಡುತ್ತದೆ. ಕಿವಿರು ಉರಿಯುವ ಮೀನು ಸಿಡಿಮಿಡಿಗೊಂಡು ಎಲ್ಲೆಂದರಲ್ಲಿ ನುಗ್ಗುತ್ತದೆ, ಕಲ್ಲಿಗೆ ಮೈ ಉಜ್ಜುತ್ತದೆ. ನೋಡಿದವರಿಗೆ ಅದು ಜಗಳದಂತೆಯೇ ಕಾಣುತ್ತದೆ.

ಬೆಳಗಾವಿ ನಗರಕ್ಕೆ ರಾಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳಿಂದ ಬರುವ ನಳದ ನೀರಿಗೆ ಕ್ಲೋರಿನ್ ಬೆರೆತಿರುತ್ತದೆ. ಬಕೆಟಿನಲ್ಲಿ ಹಿಡಿದು, ಏರ್ ಪಂಪ್ ಬಿಟ್ಟು 24 ಗಂಟೆ ಇಡಿ, ಇಲ್ಲವೇ ಆಂಟಿ ಕ್ಲೋರಿನ್ ದ್ರಾವಣವನ್ನು ಬಾಟಲಿಯ ಮೇಲಿನ ಪ್ರಮಾಣದಲ್ಲಿ ಹಾಕಿ. ನೇರವಾಗಿ ಸುರಿದರೆ ಅಮೋನಿಯಾವನ್ನು ಅಳಿಸುವ ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಅಮೋನಿಯಾ ಏರುತ್ತದೆ.

ಬೇಸಿಗೆಯ ಮಾತು ಬೇರೆಯೇ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟಿದಾಗ ಟ್ಯಾಂಕಿನ ನೀರು 32 ಮುಟ್ಟುವುದು ಸಾಮಾನ್ಯ. 25 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು, 32 ಡಿಗ್ರಿಯಲ್ಲಿ ಸುಮಾರು 7.3. ಗಾಳಿ ಕಡಿಮೆಯಾಗುತ್ತದೆ, ಮೀನಿನ ಹಸಿವು ಮತ್ತು ಚಟುವಟಿಕೆ ಮಾತ್ರ ಹೆಚ್ಚುತ್ತದೆ. ಚಳಿಗಾಲದಲ್ಲಿ ಹೊಂದಿಕೊಂಡಿದ್ದ ಮೀನುಗಳು ಬೇಸಿಗೆಯಲ್ಲಿ ಕಚ್ಚಾಡಲು ಇದೇ ಒಂದು ಕಾರಣ. ಟ್ಯಾಂಕಿನ ಮುಚ್ಚಳದ ಬದಲು ಪ್ಲಾಸ್ಟಿಕ್ ಜಾಳಿಗೆ ಹೊದಿಸಿ, ಒಂದು ಸಣ್ಣ ಟೇಬಲ್ ಫ್ಯಾನ್ ಓರೆಯಾಗಿ ನೀರಿನ ಮೇಲ್ಮೈಗೆ ಬೀಸುವಂತಿಡಿ. ನಮ್ಮ ಒಣಹವೆಯಲ್ಲಿ 2–3 ಡಿಗ್ರಿ ಇಳಿಯುತ್ತದೆ. ಆದರೆ ನೀರು ಬೇಗ ಆವಿಯಾಗುತ್ತದೆ, ಲವಣ ಅಲ್ಲೇ ಉಳಿಯುತ್ತದೆ. ಆ ಕೊರತೆಗೆ ಮತ್ತೆ ಬೋರ್ ನೀರೇ ಸುರಿದರೆ ವಾರ ವಾರಕ್ಕೆ ಗಡಸುತನ ಏರುತ್ತದೆ. ಆವಿಯಾದಷ್ಟನ್ನು ತುಂಬಲು ಕುಡಿಯುವ ನೀರಿನ ಘಟಕದ ಆರ್‌ಒ ನೀರು ಬಳಸಿ. ವಾರದ ನೀರು ಬದಲಾವಣೆಗೆ ಎಂದಿನ ನೀರೇ ಇರಲಿ. ಕರಂಟ್ ಹೋಗುವ ಊರಾದರೆ ಬ್ಯಾಟರಿಯ ಏರ್ ಪಂಪ್ ಒಂದು ಮನೆಯಲ್ಲಿರಲೇಬೇಕು.

ಪರೀಕ್ಷೆಯಲ್ಲಿ ಅಮೋನಿಯಾ ಅಥವಾ ನೈಟ್ರೈಟ್ ಕಂಡರೆ ಅಂದೇ ಶೇ 30ರಷ್ಟು ನೀರು ಬದಲಿಸಿ. ಹೊಸ ನೀರಿನ ಬಿಸಿ ಹಳೆಯದಕ್ಕಿಂತ 2 ಡಿಗ್ರಿಗಿಂತ ಹೆಚ್ಚು ಆಚೀಚೆ ಇರಬಾರದು. ಒಂದು ದಿನ ಆಹಾರ ನಿಲ್ಲಿಸಿ, ಮರುದಿನ ಮತ್ತೆ ಪರೀಕ್ಷಿಸಿ. ಅಂಕಿ ಸೊನ್ನೆಗೆ ಬಂದು ಒಂದು ವಾರವಾದರೂ ಕಚ್ಚಾಟ ನಿಲ್ಲದಿದ್ದರೆ ಆಗ ಮೀನುಗಳ ಕಡೆ ತಿರುಗಿ.

ನಿಗಾ ಇಡುವ ಕ್ರಮ

ಟ್ಯಾಂಕಿನ ಮುಂದೆ ನಾವು ನಿಂತರೆ ಮೀನುಗಳು ಊಟ ಬಂತೆಂದು ಮುಂದಕ್ಕೆ ಬರುತ್ತವೆ, ಜಗಳ ಮರೆಯುತ್ತವೆ. ಅದಕ್ಕೇ ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಟ್ಯಾಂಕಿನಿಂದ ನಾಲ್ಕೈದು ಅಡಿ ದೂರ ಇಟ್ಟು ವಿಡಿಯೊ ಮಾಡಿ. ಮೂರು ಹೊತ್ತು ಸಾಕು: ಆಹಾರ ಹಾಕುವ ಮುನ್ನ ಮತ್ತು ನಂತರ 20 ನಿಮಿಷ; ಮಧ್ಯಾಹ್ನ ಕೋಣೆಯಲ್ಲಿ ಯಾರೂ ಇಲ್ಲದಾಗ ಅರ್ಧ ಗಂಟೆ; ಟ್ಯಾಂಕಿನ ಲೈಟ್ ಆರಿಸಿದ ಮೇಲೆ ಕೋಣೆಯ ಮಂದ ಬೆಳಕಿನಲ್ಲಿ ಅರ್ಧ ಗಂಟೆ. ಹೀಗೆ ಮೂರು ದಿನ.

ವಿಡಿಯೊ ನೋಡುತ್ತ ನಾಲ್ಕು ವಿಷಯ ಬರೆದಿಡಿ: ಯಾರು, ಯಾರನ್ನು, ಎಲ್ಲಿ, ಯಾವಾಗ. ಉತ್ತರ ಸಾಮಾನ್ಯವಾಗಿ ಈ ಪಟ್ಟಿಯಲ್ಲೇ ಸಿಗುತ್ತದೆ.

ಅಟ್ಟಿಸಿಕೊಂಡು ಹೋದ ಮೀನು ಒಂದು ಗೆರೆ ಎಳೆದಂತೆ ಅದೇ ಜಾಗದಲ್ಲಿ ನಿಂತು ವಾಪಸ್ ಬಂದರೆ ಅದು ತನ್ನ ಜಾಗ ಕಾಯುತ್ತಿದೆ. ಮಡಕೆಯ ಬಾಯಿ, ಎಲೆ, ಚಪ್ಪಟೆ ಕಲ್ಲಿನ ಸುತ್ತ ಹೀಗಾದರೆ ಮೊಟ್ಟೆ ಇದೆಯೇ ನೋಡಿ. ತನ್ನದೇ ಜಾತಿಯ ಮೀನನ್ನು ಬೆನ್ನಟ್ಟಿ ಹೊಟ್ಟೆಯ ಬಳಿ ಮೂತಿಯಿಂದ ತಿವಿಯುವುದು ಬಹುಪಾಲು ಸಂತಾನದ ಓಟ. ಗಂಡು ಗೋಲ್ಡ್ ಫಿಶ್‌ನ ಕಿವಿರಿನ ಮುಚ್ಚಳದ ಮೇಲೆ ಆಗ ಬಿಳಿ ಚುಕ್ಕೆಗಳು ಏಳುತ್ತವೆ, ಅದನ್ನು ಬಿಳಿ ಚುಕ್ಕೆ ರೋಗವೆಂದು ತಿಳಿದು ಔಷಧ ಸುರಿಯಬೇಡಿ. ಯಾವ ಜಾತಿಯೆಂದು ನೋಡದೆ ಉದ್ದ ರೆಕ್ಕೆ ಕಂಡಲ್ಲೆಲ್ಲ ಹಿಂದಿನಿಂದ ಬಂದು ಚುಟುಕಾಗಿ ಕಚ್ಚಿ ಓಡುವುದು ರೆಕ್ಕೆ ಕಚ್ಚುವ ಚಟ. ಆಹಾರದ ಹೊತ್ತಿನಲ್ಲಿ ಮಾತ್ರ ನೂಕಾಟವಾದರೆ ಅದು ಜಗಳವೇ ಅಲ್ಲ, ಆಹಾರವನ್ನು ಟ್ಯಾಂಕಿನ ಎರಡು ತುದಿಯಲ್ಲಿ ಒಟ್ಟಿಗೆ ಹಾಕಿದರೆ ತೀರುತ್ತದೆ.

ಪೆಟ್ಟು ತಿನ್ನುತ್ತಿರುವ ಮೀನನ್ನೂ ಗಮನಿಸಿ. ರೆಕ್ಕೆ ಮಡಚಿ, ಬಣ್ಣ ಬಿಳಿಚಿ, ಫಿಲ್ಟರಿನ ಹಿಂದೆಯೋ ಮೇಲಿನ ಮೂಲೆಯಲ್ಲೋ ನಿಂತಿರುತ್ತದೆ. ಆಹಾರ ಬಿದ್ದರೂ ಬರುವುದಿಲ್ಲ. ಗಾಯವಿಲ್ಲದಿದ್ದರೂ ಈ ಲಕ್ಷಣ ಎರಡು ದಿನ ಕಂಡರೆ ಬೇರ್ಪಡಿಸುವ ಹೊತ್ತು ಬಂದಿದೆ.

ಯಾವ ಮೀನಿನ ಸ್ವಭಾವ ಏನು

ಟೈಗರ್ ಬಾರ್ಬ್ ಮೇಲೆ ಬರುವ ದೂರುಗಳಲ್ಲಿ ಹೆಚ್ಚಿನವು ಎರಡು ಮೂರೇ ಮೀನು ಸಾಕಿದವರಿಂದ. ಇವು ಗುಂಪಿನ ಮೀನುಗಳು. ತಮ್ಮತಮ್ಮಲ್ಲೇ ಮೇಲು ಕೀಳು ತೀರ್ಮಾನಿಸಿಕೊಳ್ಳುತ್ತವೆ. ಗುಂಪು ಇಲ್ಲದಿದ್ದರೆ ಆ ಚಪಲವೆಲ್ಲ ಪಕ್ಕದ ಮೀನಿನ ಮೇಲೆ ತೀರುತ್ತದೆ. 3 ಅಡಿ ಟ್ಯಾಂಕಿನಲ್ಲಿ 8ರಿಂದ 10 ಇದ್ದರೆ ಬಹುತೇಕ ಶಾಂತ. ಆಗಲೂ ಏಂಜಲ್, ಗೌರಾಮಿ, ಫೈಟರ್, ಗಪ್ಪಿ ಜೊತೆ ಬೇಡ. ವಿಡೋ ಟೆಟ್ರಾ ಮತ್ತು ಸರ್ಪೆ ಟೆಟ್ರಾಗಳಿಗೂ ಇದೇ ಮಾತು.

ಮೋಲಿ, ಗಪ್ಪಿಗಳಲ್ಲಿ ಒಂದು ಗಂಡಿಗೆ ಎರಡು ಮೂರು ಹೆಣ್ಣು ಇರಬೇಕು. ಗಂಡೇ ಹೆಚ್ಚಾದರೆ ಹೆಣ್ಣು ಮೀನು ಓಡಿ ಓಡಿ ಸುಸ್ತಾಗಿ ಸಾಯುತ್ತದೆ, ಮೈಮೇಲೆ ಒಂದು ಗಾಯವೂ ಇರುವುದಿಲ್ಲ.

ರೆಡ್ ಟೇಲ್ ಶಾರ್ಕ್, ರೇನ್‌ಬೋ ಶಾರ್ಕ್ ಎಂದು ಮಾರುವ ಮೀನುಗಳು ಮರಿಯಿದ್ದಾಗ ಸಾಧು, ಬೆಳೆದಂತೆ ಜಾಗದ ಮಾಲೀಕರು. ಒಂದು ಟ್ಯಾಂಕಿಗೆ ಒಂದೇ, ಅದೂ 4 ಅಡಿಯದ್ದಾದರೆ. ನೀಲಿ ಗೌರಾಮಿಯಲ್ಲಿ ಗಂಡು ಒಂದೇ ಇರಲಿ. ಏಂಜಲ್‌ಗಳು ಜೋಡಿಯಾದ ಮೇಲೆ ಟ್ಯಾಂಕಿನ ಒಂದು ಭಾಗವನ್ನೇ ಆಕ್ರಮಿಸಿ ಉಳಿದವನ್ನೆಲ್ಲ ಇನ್ನೊಂದು ಮೂಲೆಗೆ ಒತ್ತುತ್ತವೆ. ಮೊಟ್ಟೆಯಿಟ್ಟ ಎಲೆಯನ್ನೋ ಕಲ್ಲನ್ನೋ ತೆಗೆದರೆ ಉಗ್ರತೆ ಇಳಿಯುತ್ತದೆ, ಮರಿ ಬೇಕಿದ್ದರೆ ಜೋಡಿಗೇ ಬೇರೆ ಟ್ಯಾಂಕ್ ಕೊಡಿ. ಗೋಲ್ಡನ್ ಆಲ್ಗೀ ಈಟರ್ ಪಾಚಿ ತಿನ್ನುವುದು ಚಿಕ್ಕದಿದ್ದಾಗ. ದೊಡ್ಡದಾದ ಮೇಲೆ ಅಗಲ ಮೈಯ ಮೀನುಗಳಿಗೆ ಅಂಟಿಕೊಳ್ಳುತ್ತದೆ. ಸಕ್ಕರ್ ಮೀನಿನ ಹಸಿವು ತೀರಿಸಲು ಲೈಟ್ ಆರಿಸಿದ ಮೇಲೆ ಸೌತೆಕಾಯಿಯ ಬಿಲ್ಲೆಯೊಂದನ್ನು ತಳಕ್ಕೆ ಇಳಿಸಿ, ಬೆಳಿಗ್ಗೆ ಉಳಿದದ್ದನ್ನು ತೆಗೆಯಿರಿ.

ಆಸ್ಕರ್, ಫ್ಲವರ್‌ಹಾರ್ನ್ ಕಮ್ಯೂನಿಟಿ ಟ್ಯಾಂಕಿನ ಮೀನುಗಳೇ ಅಲ್ಲ, ಎಷ್ಟೇ ಮರಿ ಇರಲಿ. ಪಿರಾನ್ಹಾ ಎಂದು ಅಂಗಡಿಯಲ್ಲಿ ಸಿಗುವ ಕೆಂಪು ಹೊಟ್ಟೆಯ ಮರಿ ಹೆಚ್ಚಾಗಿ ಮೀನು ಮಾರುಕಟ್ಟೆಯ ರೂಪ್‌ಚಂದ್. ಕಾಸಗಲ ಮರಿ ತಟ್ಟೆಯಷ್ಟಾಗುತ್ತದೆ, ಯಾವ ಮನೆ ಟ್ಯಾಂಕಿಗೂ ಹೊಂದುವುದಿಲ್ಲ.

ಬೇರ್ಪಡಿಸುವುದು

ಕಚ್ಚುವ ಮೀನು ಒಂದೇ ಎಂದು ಖಚಿತವಾದರೆ ಅದನ್ನೇ ತೆಗೆಯಿರಿ, ಪೆಟ್ಟು ತಿಂದದ್ದನ್ನಲ್ಲ. ಬಲಿಯಾದ ಮೀನನ್ನು ತೆಗೆದರೆ ಕಚ್ಚುವ ಮೀನು ಮುಂದಿನದನ್ನು ಹುಡುಕುತ್ತದೆ; ವಾಪಸ್ ಬಂದ ಬಡಪಾಯಿ ಅದರ ಕಣ್ಣಿಗೆ ಹೊಸದಾಗಿ ನುಗ್ಗಿದ ಮೀನು. ಆಳವಾದ ಗಾಯವಿದ್ದರೆ ಮಾತ್ರ ಎರಡನ್ನೂ ತೆಗೆಯಬೇಕು.

ಬೇರೆ ಟ್ಯಾಂಕ್ ಇಲ್ಲದವರು ಅಡುಗೆಮನೆಯ ತೂತಿನ ಪ್ಲಾಸ್ಟಿಕ್ ತರಕಾರಿ ಬುಟ್ಟಿಯನ್ನು ತೊಳೆದು, ಅಂಚು ನೀರಿನಿಂದ ಎರಡು ಇಂಚು ಮೇಲಿರುವಂತೆ ಸಕ್ಷನ್ ಕಪ್‌ನಿಂದ ಗಾಜಿಗೆ ನಿಲ್ಲಿಸಿ, ಮೇಲೆ ಜಾಳಿಗೆ ಮುಚ್ಚಿ. ನೀರು ಫಿಲ್ಟರ್ ಆಗುತ್ತಿರುತ್ತದೆ, ಮೀನು ಮಾತ್ರ ಬೇರೆ. ಮೂರು ಇಂಚಿಗಿಂತ ದೊಡ್ಡ ಮೀನಿಗೆ ಇದು ಇಕ್ಕಟ್ಟು; ಅದಕ್ಕೆ ಅಡ್ಡಗೋಡೆ ಬೇಕು. 4 ಮಿಲಿಮೀಟರ್ ತೂತು ಕೊರೆದ 3 ಮಿಲಿಮೀಟರ್ ಅಕ್ರಿಲಿಕ್ ಹಾಳೆ ಗಟ್ಟಿ. ಹಾಳೆಯ ಎರಡೂ ಬದಿಗೆ ಸ್ಟಿಕ್ ಫೈಲಿನ ಪ್ಲಾಸ್ಟಿಕ್ ಪಟ್ಟಿ ಸಿಕ್ಕಿಸಿ, ಸಕ್ಷನ್ ಕಪ್‌ಗಳಿಂದ ಒತ್ತಿ ನಿಲ್ಲಿಸಿ, ಕೆಳಅಂಚನ್ನು ಒಂದು ಇಂಚು ಜಲ್ಲಿಯೊಳಗೆ ಹೂಳಿ. ತುಂಬಿದ ಟ್ಯಾಂಕಿನಲ್ಲಿ ಸಿಲಿಕೋನ್ ಹಚ್ಚಲು ಹೋಗಬೇಡಿ, ಒದ್ದೆ ಗಾಜಿಗೆ ಅದು ಹಿಡಿಯುವುದಿಲ್ಲ. ಅಡ್ಡಗೋಡೆಯ ಎರಡೂ ಕಡೆ ಗಾಳಿ ಮತ್ತು ನೀರಿನ ಓಡಾಟ ಇರಬೇಕು, ಇಲ್ಲದಿದ್ದರೆ ಫಿಲ್ಟರ್ ಇಲ್ಲದ ಬದಿ ಕೊಳೆಯುತ್ತದೆ. ಲೋಹದ ಜಾಳಿಗೆ ಎಲ್ಲೂ ಬೇಡ.

ಕಚ್ಚುವ ಮೀನು 5ರಿಂದ 7 ದಿನ ಹೊರಗಿರಲಿ.

ಗಾಯದ ಉಪಚಾರ

ಗಾಯಗೊಂಡ ಮೀನಿಗೆ ಬೇಕಾದದ್ದು ಇಷ್ಟು: 20 ಲೀಟರಿನ ಪ್ಲಾಸ್ಟಿಕ್ ಡಬ್ಬ, ಏರ್ ಪಂಪ್, ಹಳೆಯ ಟ್ಯಾಂಕಿನಲ್ಲಿ ಓಡಿದ ಸ್ಪಾಂಜ್ ಫಿಲ್ಟರ್, ಅಡಗಲು ಒಂದು ಪೈಪಿನ ತುಂಡು. ಟ್ಯಾಂಕಿನದೇ ನೀರು ತುಂಬಿ. ಹರಳುಪ್ಪನ್ನು ಲೀಟರಿಗೆ 1 ಗ್ರಾಂನಂತೆ, ಅಂದರೆ 20 ಗ್ರಾಂ, ಮಗ್ಗಿನಲ್ಲಿ ಕರಗಿಸಿ ಹಾಕಿ. ಗಾಯ ದೊಡ್ಡದಿದ್ದರೆ 12 ಗಂಟೆಗೊಮ್ಮೆ ಇನ್ನೂ 20 ಗ್ರಾಂನಂತೆ ಎರಡು ಸಲ ಸೇರಿಸಿ ಲೀಟರಿಗೆ 3 ಗ್ರಾಂವರೆಗೆ ಹೋಗಬಹುದು. ತಳದಲ್ಲಿ ಓಡಾಡುವ ಕೋರಿ, ಲೋಚ್‌ನಂಥ ಮೀನುಗಳಿಗೆ 1 ಗ್ರಾಂನಲ್ಲೇ ನಿಲ್ಲಿಸಿ. ದಿನಕ್ಕೆ 5 ಲೀಟರ್ ನೀರು ತೆಗೆದು ಅಷ್ಟೇ ಹೊಸ ನೀರು ಹಾಕುವಾಗ ಆ 5 ಲೀಟರಿಗೆ ಬೇಕಾದಷ್ಟೇ ಉಪ್ಪು ಸೇರಿಸಬೇಕು. ಪೂರ್ತಿ ಪ್ರಮಾಣ ಮತ್ತೆ ಹಾಕಿದರೆ ಉಪ್ಪು ದಿನೇ ದಿನೇ ಏರುತ್ತದೆ, ಏಕೆಂದರೆ ಉಪ್ಪು ಆವಿಯಾಗುವುದಿಲ್ಲ. ಗಿಡಗಳಿರುವ ಮುಖ್ಯ ಟ್ಯಾಂಕಿಗೆ ಉಪ್ಪು ಬೇಡ. ಅಂಗಡಿಯಲ್ಲಿ ಸಿಗುವ ನೀಲಿ ಔಷಧ ಮೆಥಿಲೀನ್ ಬ್ಲೂ ಕೂಡ ಅಲ್ಲಿಗೆ ಬೇಡ, ಫಿಲ್ಟರಿನ ಬ್ಯಾಕ್ಟೀರಿಯಾ ಕೆಡುತ್ತವೆ.

ಒಂದು ವಾರದ ಸುಮಾರಿಗೆ ಹರಿದ ಅಂಚಿನಲ್ಲಿ ಗಾಜಿನಂತೆ ಪಾರದರ್ಶಕವಾದ ಹೊಸ ರೆಕ್ಕೆ ಕಾಣುತ್ತದೆ, ಬಣ್ಣ ಆಮೇಲೆ ತುಂಬುತ್ತದೆ. ಅದನ್ನು ರೋಗವೆಂದು ಹೆದರಬೇಡಿ. ಹತ್ತಿಯಂಥ ಬಿಳಿ ಬೂಷ್ಟು ಎದ್ದರೆ ಅದು ಸೋಂಕು, ಬೂಷ್ಟಿನ ಔಷಧ ಬೇಕು.

ಟ್ಯಾಂಕ್ ಮರುಜೋಡಣೆ

ನಿಜವಾದ ಪರಿಹಾರ ಇರುವುದು ಇಲ್ಲಿ. ಎರಡು ಪ್ಲಾಸ್ಟಿಕ್ ಗಿಡ, ಒಂದು ಬಂಗಲೆ ಇಟ್ಟ ಬರಿದಾದ ಟ್ಯಾಂಕಿನಲ್ಲಿ ಓಡುವ ಮೀನು ಎಲ್ಲಿ ಹೋದರೂ ಅಟ್ಟುವ ಮೀನಿಗೆ ಕಾಣುತ್ತಲೇ ಇರುತ್ತದೆ. ಎದುರಾಳಿ ಕಣ್ಣಿಗೆ ಬೀಳದಂತಾದರೆ ಬೆನ್ನಟ್ಟುವುದು ಅರ್ಧಕ್ಕೆ ನಿಲ್ಲುತ್ತದೆ.

ಮೊದಲು ಅಳತೆ. ಉದ್ದ, ಅಗಲ, ಎತ್ತರವನ್ನು ಅಡಿಯಲ್ಲಿ ಗುಣಿಸಿ 28ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 2×1×1 ಅಡಿಯದ್ದು 56 ಲೀಟರ್. ಜಲ್ಲಿ, ಕಲ್ಲು ಕಳೆದರೆ 45ರ ಆಸುಪಾಸು. ಇದರಲ್ಲಿ ಎಂಟು ಹತ್ತು ಸಣ್ಣ ಮೀನಿಗೆ ಮಾತ್ರ ಜಾಗ. ಏಂಜಲ್‌ಗೆ ನೀರಿನ ಎತ್ತರವೇ ಒಂದೂವರೆ ಅಡಿ ಬೇಕು. ಜಾಗವೇ ಸಾಲದಿದ್ದರೆ ಮುಂದಿನ ಯಾವ ಉಪಾಯವೂ ನಡೆಯುವುದಿಲ್ಲ, ಮೀನು ಕಡಿಮೆ ಮಾಡಿ.

ಅಡಗುತಾಣಗಳು ಮೀನುಗಳಿಗಿಂತ ಒಂದೆರಡು ಹೆಚ್ಚೇ ಇರಲಿ, ಪ್ರತಿಯೊಂದಕ್ಕೂ ಎರಡು ಬಾಗಿಲು. ಒಂದೇ ಬಾಯಿಯ ಗುಹೆಯಲ್ಲಿ ಹೊಕ್ಕ ಮೀನು ಸಿಕ್ಕಿಬೀಳುತ್ತದೆ. ಕುಂಬಾರರ ಬಳಿ ಸಿಗುವ ಬಣ್ಣ ಹಚ್ಚದ ಮಗಿಗಳ ತಳ ಒಡೆದು, ಅಂಚನ್ನು ಮರಳು ಕಾಗದದಿಂದ ಉಜ್ಜಿ ಅಡ್ಡ ಮಲಗಿಸಿದರೆ ಇದಕ್ಕಿಂತ ಅಗ್ಗದ, ಒಳ್ಳೆಯ ಸಾಧನವಿಲ್ಲ. ಎರಡು ಇಂಚಿನ ಪಿವಿಸಿ ಪೈಪಿನ ಅರ್ಧ ಅಡಿ ತುಂಡುಗಳೂ ಆಗುತ್ತವೆ.

ಕಲ್ಲಿನ ವಿಷಯದಲ್ಲಿ ಹುಷಾರು. ಬಾಗಲಕೋಟೆ, ಕಲಾದಗಿ ಸುತ್ತ ಸುಣ್ಣದ ಕಲ್ಲು ಹೇರಳ. ನೆಲಕ್ಕೆ ಹಾಸುವ ಶಹಾಬಾದ್ ಫರ್ಸಿಯೂ ಸುಣ್ಣದ್ದೇ. ಟ್ಯಾಂಕಿನಲ್ಲಿ ಇದು ನಿಧಾನವಾಗಿ ಕರಗಿ ಮೊದಲೇ ಗಡಸಾದ ನೀರನ್ನು ಇನ್ನಷ್ಟು ಗಡಸು ಮಾಡುತ್ತದೆ. ಕಲ್ಲನ್ನು ಮೊಳೆಯಿಂದ ಕೆರೆದು ಪುಡಿ ಎಬ್ಬಿಸಿ, ಅದರ ಮೇಲೆ ವಿನೆಗರ್ ನಾಲ್ಕು ಹನಿ ಬಿಡಿ. ಸಣ್ಣ ಗುಳ್ಳೆ ಎದ್ದರೂ ಆ ಕಲ್ಲು ಬೇಡ. ಪುಡಿ ಎಬ್ಬಿಸದೆ ಬಿಟ್ಟರೆ ಕೆಲವು ಸುಣ್ಣದ ಕಲ್ಲುಗಳು ಗುಳ್ಳೆ ತೋರಿಸುವುದೇ ಇಲ್ಲ. ಇಳಕಲ್ ಗ್ರಾನೈಟ್, ಗುಳ್ಳೆ ಬರದ ಬಾದಾಮಿ ಕಡೆಯ ಮರಳುಗಲ್ಲು, ವಿಜಯಪುರ ಕಡೆಯ ಕರಿಕಲ್ಲು ನಡೆಯುತ್ತವೆ. ದೊಡ್ಡ ಕಲ್ಲನ್ನು ಜಲ್ಲಿಯ ಮೇಲಲ್ಲ, ಗಾಜಿನ ಮೇಲೆ ಥರ್ಮಾಕೋಲ್ ಹಾಳೆ ಹಾಸಿ ಇಟ್ಟು ಆಮೇಲೆ ಜಲ್ಲಿ ಸುರಿಯಿರಿ. ಮೀನು ಅಡಿಯಲ್ಲಿ ತೋಡಿದರೂ ಕಲ್ಲು ಉರುಳುವುದಿಲ್ಲ.

ಕಲ್ಲು ಮತ್ತು ಗಿಡಗಳನ್ನು ಸಾಲಾಗಿ ಹಿಂದಿನ ಗಾಜಿಗೆ ಒರಗಿಸಬೇಡಿ. ಟ್ಯಾಂಕಿನ ಉದ್ದಕ್ಕೆ ಅಡ್ಡಲಾಗಿ ಎರಡು ಮೂರು ಕಡೆ, ಮುಕ್ಕಾಲು ಎತ್ತರದವರೆಗೆ ಮರೆ ಕಟ್ಟಿ. ಮುಂದೆ ಕುಳಿತು ನೋಡಿದಾಗ ಒಂದು ತುದಿಯಿಂದ ಇನ್ನೊಂದು ತುದಿ ನೇರ ಕಾಣಬಾರದು. ಮೇಲ್ಭಾಗದ ಮೀನುಗಳಿಗೆ ತೇಲುವ ಗಿಡಗಳೇ ಮರೆ. ಹಿಂದಿನ ಗಾಜಿಗೆ ಕಪ್ಪು ಹಾಳೆ ಅಂಟಿಸಿದರೆ ಹಿಂಬದಿಯ ಓಡಾಟ, ಬೆಳಕಿನಿಂದ ಮೀನು ಬೆದರುವುದು ತಪ್ಪುತ್ತದೆ. ಫೈಟರ್ ತನ್ನ ಬಿಂಬ ನೋಡಿ ಕೆರಳುತ್ತಿದ್ದರೆ ಕೋಣೆಗಿಂತ ಟ್ಯಾಂಕಿನ ಬೆಳಕು ಅತಿಯಾಗದಂತೆ ನೋಡಿಕೊಳ್ಳಿ. ಲೈಟ್ ದಿನಕ್ಕೆ 8 ಗಂಟೆ ಸಾಕು.

ವಾಪಸ್ ಬಿಡುವ ಕ್ರಮ

ಜೋಡಣೆ ಬದಲಿಸಿದ ದಿನವೇ ಶೇ 30 ನೀರು ಬದಲಿಸಿ. ಎಲ್ಲ ಮೀನುಗಳಿಗೂ ಜಾಗ ಹೊಸದಾದ್ದರಿಂದ ಹಳೆಯ ಹಕ್ಕು ಉಳಿದಿರುವುದಿಲ್ಲ. ಗುಣವಾದ ಸಾಧು ಮೀನನ್ನು ಮೊದಲು ಬಿಡಿ, ಅದು ಒಂದೆರಡು ದಿನ ಅಡಗುತಾಣ ಹುಡುಕಿಕೊಳ್ಳಲಿ. ಗುಂಪಿನ ಮೀನು ಹೆಚ್ಚಿಸುವುದಿದ್ದರೆ ಈಗಲೇ ಹೆಚ್ಚಿಸಿ. ಹೊಸ ಮೀನುಗಳು ಅದಕ್ಕೂ ಮೊದಲು ಎರಡು ವಾರ ಪ್ರತ್ಯೇಕವಾಗಿ ಇದ್ದಿರಬೇಕು. ಕಚ್ಚುವ ಮೀನಿನ ಸರದಿ ಎಲ್ಲಕ್ಕಿಂತ ಕೊನೆಗೆ. ಸಂಜೆ ಟ್ಯಾಂಕಿನ ಎಲ್ಲ ಮೀನಿಗೂ ಆಹಾರ ಹಾಕಿ, ಲೈಟ್ ಆರಿಸಿ, ಆಮೇಲೆ ಬಿಡಿ. ಬೆಳಿಗ್ಗೆ ಲೈಟನ್ನು ಎರಡು ಗಂಟೆ ತಡವಾಗಿ ಹಾಕಿ.

ಮೊದಲ ಒಂದು ಗಂಟೆಯಲ್ಲಿ ಸ್ವಲ್ಪ ಓಡಾಟ, ರೆಕ್ಕೆ ಬಿಚ್ಚಿ ತೋರಿಸುವುದು ಇದ್ದೇ ಇರುತ್ತದೆ. ಬಲೆ ಹಿಡಿದು ನುಗ್ಗಬೇಡಿ. ಎರಡು ದಿನದಲ್ಲಿ ಬೆನ್ನಟ್ಟುವುದು ಇಳಿಯುತ್ತ ಬರಬೇಕು. ಇಳಿಯದಿದ್ದರೆ, ಅಥವಾ ಹೊಸ ಕಚ್ಚು ಒಂದೇ ಒಂದು ಕಂಡರೂ, ಮತ್ತೊಮ್ಮೆ ಒಂದು ವಾರ ಬೇರ್ಪಡಿಸಿ ಪ್ರಯತ್ನಿಸಿ. ಮೂರನೆಯ ಸಲ ಬೇಡ. ಆ ಮೀನು ಆ ಟ್ಯಾಂಕಿಗೆ ಹೊಂದುವುದಿಲ್ಲ.

ಹೊಂದದ ಮೀನನ್ನು ಏನು ಮಾಡುವುದು

ಅಂಗಡಿಯವರಲ್ಲಿ ಹಲವರು ಆರೋಗ್ಯವಾಗಿರುವ ಮೀನನ್ನು ಬೇರೆ ಮೀನಿಗೆ ಬದಲಾಯಿಸಿಕೊಡುತ್ತಾರೆ. ಸ್ವಭಾವ ಮುಚ್ಚಿಡದೆ ಹೇಳಿ ಕೊಡಿ. ಪರಿಚಯದವರಲ್ಲಿ ಆ ಒಂದೇ ಜಾತಿ ಸಾಕುವವರಿದ್ದರೆ ಇನ್ನೂ ಒಳ್ಳೆಯದು. ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಾಗಲಿ, ಊರ ಕೆರೆಗಾಗಲಿ, ಗುಡಿಯ ಹೊಂಡಕ್ಕಾಗಲಿ ಬಿಡಬೇಡಿ. ಸಕ್ಕರ್ ಮೀನು ಹೀಗೆ ಹೊರಬಿದ್ದೇ ದೇಶದ ಹಲವು ಕೆರೆ, ನದಿಗಳಲ್ಲಿ ಬೇರೂರಿದೆ, ಮೀನುಗಾರರ ಬಲೆ ಹರಿಯುತ್ತದೆ, ದಂಡೆಯಲ್ಲಿ ಬಿಲ ತೋಡುತ್ತದೆ. ಯಾರೂ ಒಯ್ಯದಿದ್ದರೆ 2 ಅಡಿಯ ಇನ್ನೊಂದು ಟ್ಯಾಂಕ್, ಒಂದು ಸ್ಪಾಂಜ್ ಫಿಲ್ಟರ್ ಹಾಕಿ ಬೇರೆಯೇ ಸಾಕಿ. ರೆಡ್ ಟೇಲ್ ಶಾರ್ಕ್‌ನಂತೆ ಆರಿಂಚು ಬೆಳೆಯುವ ಮೀನಾದರೆ ಅದು 3 ಅಡಿಯದ್ದಿರಲಿ.